ಹೆಸರು ಹೇಳದ ಮೂರು ನಿಮಿಷ

ಮೂಡಲಗಿ
೧೮ ಫೆಬ್ರುವರಿ ೧೯೬೪

ಗೆಳೆಯ ಲಕ್ಕಪ್ಪನಿಗೆ ಶರಣು.

ಹುಕ್ಕೇರಿಯ ಸಮಸ್ತ ನಾಗರಿಕರಿಗೆ ಡಂಗುರ ಸಾರಿ ತಿಳಿಸು: ಈ ದಿನ ಮುಂಜಾನೆ ಏಳು ಗಂಟೆಗೆ, ವಯಸ್ಸು ಐವತ್ತೆರಡರ ನಿನ್ನ ವೀರಪ್ಪ ಸ್ವಹಸ್ತದಿಂದ ಚಹಾ ಕಾಸಿದ್ದಾನೆ. ಕುಡಿದವರು ಇಬ್ಬರು. ಇಬ್ಬರೂ ಬದುಕಿದ್ದಾರೆ.

ಎರಡು ತಿಂಗಳು ಕಾಗದ ಬರೆಯಲಿಲ್ಲ ಅಂತ ಬೈಯಬೇಡ, ಮುಂಬಯಿಯ ದವಾಖಾನೆಯಲ್ಲಿದ್ದೆವು. ನಮ್ಮಾಕೆ ಶಿವಗಂಗವ್ವನ ಕುತ್ತಿಗೆಯ ಎಡಗಡೆ, ಮೆದುಳಿಗೆ ನೆತ್ತರು ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಿತ್ತು. ಕೆರೆದು ತೆಗೆಯದಿದ್ದರೆ ಒಂದು ದಿನ ಮಾತೂ ಹೋದೀತು, ಆಕೆಯೂ ಹೋದಾಳು ಅಂದರು.

ಕೆರೆಯುವಷ್ಟು ಹೊತ್ತು ನಾಳಕ್ಕೆ ಚಿಮಟ ಹಾಕಿ ನೆತ್ತರು ನಿಲ್ಲಿಸಬೇಕಂತೆ. ಅಲ್ಲಿಯತನಕ ಮೆದುಳು ಉಪವಾಸ. ತಡೆದೀತೋ ಇಲ್ಲವೋ? ಅದಕ್ಕೇ ಆಕೆಗೆ ನಿದ್ದೆ ಬರಿಸಲಿಲ್ಲ. ಕುತ್ತಿಗೆಯನ್ನಷ್ಟೇ ಜೋಮು ಹಿಡಿಸಿ, ಮೊದಲು ಮೂರು ನಿಮಿಷ ಚಿಮಟ ಹಾಕಿ, ಮಾತಾಡಿಸಿ ನೋಡಿದರು. ಮಾತು ನಿಂತಿತೋ, ಮೆದುಳು ಸೋತಂತೆ. ಡಾಕ್ಟರ ಸಾಹೇಬ ಪಾರ್ಸಿ; ಮಾತಾಡಿಸುವ ಕೆಲಸ ಕನ್ನಡ ಬಲ್ಲ ಮಂಗಳೂರಿನ ಕ್ರಿಸ್ತಿಯನ್ ನರ್ಸಬಾಯಿಯದು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ, ಜೀವ ಕೈಯಲ್ಲಿ ಹಿಡಿದು.

ನರ್ಸಬಾಯಿ ಓಡುತ್ತ ಬಂದಳು. "ಊರು ಕೇಳಿದೆ, ಹೇಳಿದರು. ಗಂಡನ ಹೆಸರು ಕೇಳಿದರೆ ಮಾತೇ ಇಲ್ಲ! ಮೂರು ಸಲ ಕೇಳಿದೆ. ಡಾಕ್ಟರು ಚಿಮಟ ಬಿಚ್ಚಿದ್ದಾರೆ. ಆಪರೇಶನ್ ಬೇಡ, ಹೊಲಿದುಬಿಡೋಣ ಅನ್ನುತ್ತಿದ್ದಾರೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಬಾಯಾರ, ಮದುವಿ ಆಗಿ ಇಪ್ಪತ್ತೆಂಟ ವರ್ಷ ಆತು, ಆಕಿ ನನ್ನ ಹೆಸರ ಒಮ್ಮೆನೂ ಹಿಡದಿಲ್ಲರಿ! ಹಿಂಗ ಕೇಳಿದ್ರ ಹೆಂಗ ಹೇಳ್ಯಾಳು? ಒಡಪು ಹೇಳವಾ ಅನ್ರಿ."

"ಒಡಪು ಅಂದರೆ?"

"ಗಂಡನ ಹೆಸರು ಸೇರಿಸಿ ಪದಾ ಕಟ್ಟಿ ಹೇಳೂದರಿ. ಹಂಗಾದ್ರ ದೋಷ ಇಲ್ಲ."

ಮತ್ತೆ ಚಿಮಟ ಬಿತ್ತು. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಒಳಗಿಂದ ಆಕೆಯ ದನಿ ನಿಧಾನಕ್ಕೆ ಬಂತು:

"ಗೋಕಾವಿ ಧಬಧಬಿ ಸುರಿತೈತಿ ಮಳಿಗಾಲಕ್ಕ,
ವೀರಪ್ಪನವರ ಬಾಯಿ ಸುರಿತೈತಿ ಮೂರೂ ಕಾಲಕ್ಕ."

ಗಂಡನ ಬಾಯಿಯನ್ನು ಗೋಕಾಕ ಜಲಪಾತಕ್ಕೆ ಹೋಲಿಸಿದ್ದು ಅಂತ ನರ್ಸಬಾಯಿಯಿಂದ ಅರ್ಥ ತಿಳಿದುಕೊಂಡ ಸಾಹೇಬ, "ಈ ಮೆದುಳಿಗೆ ಏನೂ ಆಗಿಲ್ಲ" ಅಂದು ಚಾಕು ಎತ್ತಿಕೊಂಡನಂತೆ. ಕೊಬ್ಬು ಹೊರಗೆ ಬಂತು. ಮೊನ್ನೆ ಘಟಪ್ರಭಾದಲ್ಲಿ ಗಾಡಿ ಇಳಿದೆವು.

ನಿಮ್ಮಾಕೆ ಬಾಳವ್ವನಿಗೆ ಶರಣು ತಿಳಿಸು. ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ
ವೀರಪ್ಪ

ತಾ.ಕ.: ಕಳೆದ ದೀಪಾವಳಿಗೆ ನಿಮ್ಮ ಮನೆಯಲ್ಲಿ ಆಕೆಯ ಕೈಯಿಂದ ತಂಬಿಗೆ ಜಾರಿ, ಮಾತು ತೊದಲಿದ್ದು ನೆನಪಿದೆಯಲ್ಲ? ನಾನು ಅದನ್ನು ಅಣಕಿಸಿ ಪಂಕ್ತಿಯನ್ನೆಲ್ಲ ನಗಿಸಿದೆ. ರೋಗದ ಮೊದಲ ಸುಳಿವೇ ಅದಂತೆ. ಆಮೇಲೆ ಎಷ್ಟೋ ಸಲ ಕೈ ಸೋತರೂ ಆಕೆ ನನಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಮತ್ತ ನಗತಿದ್ರಿ" ಅಂದಳು, ಅಷ್ಟೇ. ಸೋಮವಾರ ಆಕೆಯನ್ನು ನೋಡಲು ಬಾ, ಬಂದಾಗ ನನ್ನ ಬಾಜೂಕೇ ಕೂಡು. ಆಕೆ ಈಗಲೂ ಒಂದೊಂದು ಮಾತಿಗೆ ತಡವರಿಸುತ್ತಾಳೆ. ಅದು ಮುಗಿಯುವ ಮೊದಲು ನಾನು ಬಾಯಿ ತೆರೆದರೆ ನನ್ನ ತೊಡೆ ಚಿವುಟು, ಗಟ್ಟಿಯಾಗಿ.