ಉಡಿಗೆಂದು ಸುಲಿದ ಕಾಯಿ

ಹೊಳೆ ಬತ್ತಿದ ನೂರ ಹನ್ನೊಂದನೆಯ ವರ್ಷ, ಚೈತ್ರದ ನಲವತ್ತೆರಡನೆಯ ಹಗಲು
ಕಲ್ಲೊಡ್ಡು ಬೀದಿ, ಮೇಲುದಂಡೆ

ಅಂಗಳದಲ್ಲೊಂದು ತೆಂಗಿನ ಮರ ನಿಲ್ಲಿಸಿಕೊಂಡು, ಅದರ ಕಡೆ ತಲೆಯೆತ್ತಿಯೂ ನೋಡದೆ ಬದುಕುತ್ತಿರುವ ಹಿರಿಯರಿಗೆ ಹೊನ್ನೂರವ್ವನ ಶರಣು.

ಚೈತ್ರಕ್ಕೆ ನಲವತ್ತೆರಡನೆಯ ಹಗಲು ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ನಮ್ಮಲ್ಲಿ ಸೆಕೆ ಇಳಿಯುವ ತನಕ ತಿಂಗಳು ಮುಗಿಯುವುದಿಲ್ಲ. ಮೊದಲ ತಂಗಾಳಿ ಬೀಸಿದ ದಿನ ಬೀದಿಯ ಹಿರಿಯರು ಜಾಗಟೆ ಬಾರಿಸಿ, ಇವತ್ತಿನಿಂದ ವೈಶಾಖ ಎಂದು ಸಾರುತ್ತಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಒರಟಾಗಿ, ಕೆಲವು ಹುಚ್ಚಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಮುಂದಕ್ಕೆ ಹೋಗದೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ತಲುಪುತ್ತದೆ ಎನ್ನುವವರು ಇದ್ದಾರೆ, ಸುಳ್ಳು ಎನ್ನುವವರೂ ಇದ್ದಾರೆ. ತಲುಪದಿದ್ದರೂ ಚಿಂತೆಯಿಲ್ಲ, ಎದೆಯೊಳಗಿನ ಭಾರ ಎಲ್ಲಾದರೂ ಇಳಿಸಲೇಬೇಕಲ್ಲ.

ನಾನು ಈ ಬೀದಿಯ ಸುಳಿಕಾವಲಿನವಳು. ಹಾಗೆಂದರೆ, ನಮ್ಮ ಅಂಗಳದಲ್ಲಿದ್ದ ಒಂದೇ ಒಂದು ತೆಂಗಿನ ಮರದ ನೆತ್ತಿಯನ್ನು ಕಾಯುವ ಕೆಲಸ. ನನ್ನ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ, ಪಡುವಣದ ಒಂದು ಸಸಿಮನೆಯಿಂದ ಅದನ್ನು ತಲೆಯ ಮೇಲೆ ಹೊತ್ತು ತಂದು ನೆಟ್ಟಳಂತೆ. ಆಮೇಲೆ ಆ ಸಸಿಮನೆ ಮರಳಲ್ಲಿ ಹೂತುಹೋಯಿತು. ಮರ ಮಾತ್ರ ಉಳಿಯಿತು. ಅದರ ನೆರಳು ಬೆಳಿಗ್ಗೆ ಪಡುವಣದ ಮನೆಗಳ ಮೇಲೆ, ಸಂಜೆ ಮೂಡಣದ ಮನೆಗಳ ಮೇಲೆ ಬೀಳುತ್ತಿತ್ತು. ಯಾವ ಹೊತ್ತಿಗೆ ಯಾರ ಮನೆಯ ಕೂಸು, ಯಾರ ಮನೆಯ ಬಾಣಂತಿ ಅದರಡಿ ಮಲಗಬೇಕು ಎಂಬುದಕ್ಕೆ ನೆರಳುಪಾಲು ಎನ್ನುತ್ತೇವೆ. ನೀವು ಹೊಲ ಪಾಲು ಮಾಡಿಕೊಂಡಂತೆ ನಾವು ನೆರಳು ಪಾಲು ಮಾಡಿಕೊಂಡೆವು. ಅದಕ್ಕೂ ಜಗಳ ಬರುತ್ತಿತ್ತು, ಬರದೆ ಇರುತ್ತದೆಯೇ? ವಾರಕ್ಕೊಮ್ಮೆ ನಾನು ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಮರ ಹತ್ತುವುದು, ಕೊಂಬಿನ ದುಂಬಿ ಕೊರೆದಿದ್ದರೆ ಕೊಕ್ಕೆತಂತಿಯಿಂದ ಚುಚ್ಚಿ ಎಳೆಯುವುದು, ಬೇವಿನ ಹಿಂಡಿಗೆ ಮರಳು ಬೆರೆಸಿ ಸುಳಿಯ ಸುತ್ತ ತುಂಬುವುದು, ಇಳಿದು ಬಂದು ಬುಡದ ಪಾತಿಗೆ ಬೂದಿ, ಹಿಡಿ ಉಪ್ಪು ಹಾಕುವುದು. ಕುಡಿಯುವ ನೀರು ಮಾತ್ರ ಮಾಳಿಗೆಯ ಮೇಲೆ ಇಬ್ಬನಿ ಹಿಡಿಯಲು ಕಟ್ಟಿದ ಮಂಜುಬಲೆಯಿಂದ ತೊಟ್ಟಿಕ್ಕಬೇಕು. ಆ ನೀರಿನಲ್ಲಿ ಮನೆಗೊಂದು ತಂಬಿಗೆ ಮರಕ್ಕೆಂದು ತೆಗೆದಿಡುತ್ತಿದ್ದೆವು.

ಬೈಯಬೇಕೆಂದು ಕೂತವಳಲ್ಲ, ಆದರೂ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಗೇಟಿನ ಎರಡೂ ಬದಿಗೆ ಹೊಟ್ಟೆ ಉಬ್ಬಿದ ಚೆಂದದ ತಾಳೆಗಳನ್ನು ಕಾವಲುಗಾರರಂತೆ ನಿಲ್ಲಿಸಿ, ಬುಡದ ತನಕ ಸಿಮೆಂಟು ಬಳಿದು, ಗರಿ ಉದುರಿದರೆ ಕಸ ಎಂದು ಗೊಣಗುತ್ತಿದ್ದಿರಂತೆ. ಹಸಿರು ಗರಿಯನ್ನೇ ಕಡಿದು ಮರಕ್ಕೆ ಕ್ಷೌರ ಮಾಡಿಸುತ್ತಿದ್ದಿರಂತೆ. ಬಟ್ಟೆ ಒಣಗಿಸುವ ತಂತಿಗೆಂದು ಮೊಳೆ ಹೊಡೆಯುತ್ತಿದ್ದಿರಂತೆ. ಅಯ್ಯೋ ನಿಮ್ಮ! ಬೇವಿಗೆ, ಮಾವಿಗೆ ಪೆಟ್ಟಾದರೆ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ತೆಂಗಿನ ಜಾತಿಗೆ ಆ ಭಾಗ್ಯವಿಲ್ಲ. ಬಿದ್ದ ಗಾಯ ಸಾಯುವ ತನಕ ಹಾಗೆಯೇ ಇರುತ್ತದೆ. ನೂರು ಕೊಂಬೆಯಿಲ್ಲ, ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮ್ಮಿಂದಲೇ ನಮಗೆ ಬಂದದ್ದು, ಅದನ್ನು ಆಡಿಕೊಂಡಿರಿ, ಅದರ ಅರ್ಥ ಮಾತ್ರ ತಲೆಗೆ ಹೋಗಲಿಲ್ಲ. ಇರಲಿ, ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ನಿಮ್ಮ ಎಲೆಯ ನೊಣದ ಮಾತೇಕೆ?

ನಮ್ಮ ಮರ ಆಗೀಗ ಹೊಂಬಾಳೆ ಬಿಡುತ್ತಿತ್ತು, ಆದರೆ ಬಿಸಿಗಾಳಿಗೆ ಹೂವು ಸುಟ್ಟು ಉದುರುತ್ತಿತ್ತು. ಹೀಗಾಗಿ ತೆಂಗಿನಕಾಯಿಯನ್ನು ಕಣ್ಣಾರೆ ಕಂಡವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಶಾಸ್ತ್ರ ಬಿಡಲಾದೀತೇ? ಬೀದಿಗೆಲ್ಲ ಒಂದೇ ಮಣ್ಣುಗಾಯಿ ಇತ್ತು. ಹಿಂದಿನವರು ಹೇಳಿದ್ದನ್ನು ಕೇಳಿ ಯಾರೋ ಕುಂಬಾರರು ಸುಟ್ಟು ಮಾಡಿದ್ದು. ದುಂಡಗೆ, ಕಂದು ಬಣ್ಣ, ಮೂರು ಕಣ್ಣು, ನೆತ್ತಿಗೆ ನಾರಿನ ಜುಟ್ಟು. ಮದುವೆಯಿರಲಿ, ನಾಮಕರಣವಿರಲಿ, ಅದೇ ಕಾಯಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಕಾಯಿ ಒಡೆಯುವ ಹೊತ್ತಿಗೆ ನಮ್ಮ ಗಾಳೆಪ್ಪ ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಯಲ್ಲೇ ‘ಟಪ್’ ಎನ್ನುತ್ತಿದ್ದರು. ಅವರ ‘ಟಪ್’ ಸರಿಯಾಗಿ ಬಾರದ ದಿನ ಹೆಂಗಸರ ಮುಖ ಸಪ್ಪಗಾಗುತ್ತಿತ್ತು, ಕಾಯಿ ಕೆಟ್ಟಿದೆ ಎಂದು ಚುಡಾಯಿಸುವ ಹುಡುಗರೂ ಇದ್ದರು.

ಎರಡು ವರ್ಷದ ಕೆಳಗೆ ಎಂದೂ ಇಲ್ಲದ ಮಳೆ ಬಂತು. ಆ ಸಲ ಹೊಂಬಾಳೆ ಸುಡಲಿಲ್ಲ. ಹರಳು ಕಟ್ಟಿತು, ಕಾಯಿ ದಪ್ಪವಾಯಿತು. ಬೀದಿಗೆ ಬೀದಿಯೇ ಕತ್ತು ನೋಯುವ ತನಕ ಮೇಲೆ ನೋಡಿತು. ಅದೇ ಹೊತ್ತಿಗೆ ನನ್ನ ಮಗಳು ಹುಲಿಗೆವ್ವನ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬಿಳಿಮಡ್ಡಿಯವರು. ಇಲ್ಲಿಂದ ಬಂಡಿಯಲ್ಲಿ ತಿಂಗಳ ದಾರಿ. ಒಳ್ಳೆಯ ಜನ, ಆದರೆ ಆ ಊರಲ್ಲಿ ಒಂದೂ ಮರವಿಲ್ಲ, ಮಧ್ಯಾಹ್ನ ಜನರು ನೆಲದೊಳಗೆ ತೋಡಿದ ಗೂಡುಗಳಲ್ಲಿ ಇಲಿಗಳ ಹಾಗೆ ಕೂರುತ್ತಾರೆ. ಹುಟ್ಟಿದಾಗಿನಿಂದ ಗರಿಯ ಸದ್ದು ಕೇಳಿ ಮಲಗಿದ ಹುಡುಗಿ ಅಲ್ಲಿ ಹೇಗೆ ಇದ್ದಾಳು ಎಂದು ನನಗೆ ಅನ್ನ ಸೇರಲಿಲ್ಲ. ನಮ್ಮ ಬೀದಿಯ ಹಿರಿಯಳು ಪಂಪಕ್ಕ ಒಂದು ದಾರಿ ತೋರಿಸಿದಳು. ಕಾಯಿ ಅಂದರೆ ಹಣ್ಣೇ ತಾನೆ, ಒಳಗೆ ಬೀಜ ಇರಲೇಬೇಕು, ಒಂದನ್ನು ಹುಡುಗಿಯ ಉಡಿಯಲ್ಲಿ ಹಾಕಿ ಕಳಿಸೋಣ, ಅಲ್ಲಿ ನೆಟ್ಟುಕೊಳ್ಳಲಿ ಅಂದಳು. ಆ ಮಾತು ಕೇಳಿ ನಾನು ಅವಳ ಕಾಲು ಹಿಡಿದುಕೊಂಡೆ. ಕಾಯಿ ಬಲಿಯಲಿ ಎಂದು ಮದುವೆಯನ್ನೇ ಮುಂದೂಡಿದೆವು. ಬೀಗರು ಮುನಿಸಿಕೊಳ್ಳಲಿಲ್ಲ, ಅವರಿಗೂ ಆಸೆ ಹುಟ್ಟಿತ್ತು.

ಮದುವೆಯ ಸಂಭ್ರಮ ಏನು ಹೇಳಲಿ! ಮರ ಕಾಯಿ ಬಿಟ್ಟ ವರ್ಷದ ಮದುವೆಗೆ ಬಟ್ಟೆಯ ಚಪ್ಪರ ಹಾಕಿದರೆ ಮರಕ್ಕೇ ಅವಮಾನ ಎಂದು ಗಂಡಸರೆಲ್ಲ ಒಂದಾದರು. ಹಸಿ ಗರಿ ಕೀಳಬೇಡಿ, ಒಣಗಿದ್ದು ಬೀಳಲಿ ಎಂದು ನಾನು ಬಡಕೊಂಡೆ. ಗಾಳೆಪ್ಪ ಮಾವ, ಹೆಣ್ಣು ಹೆತ್ತವಳು ಜಿಪುಣತನ ಮಾಡಬಾರದವ್ವ ಅಂತ ನಕ್ಕರು. ಚಪ್ಪರ ಹಸಿರಾಗಿ ಎದ್ದಿತು, ಮರದ ತಲೆ ಬೋಳಾಯಿತು. ಗೊನೆ ಇಳಿಸಿದಾಗ ಇನ್ನೊಂದು ತಮಾಷೆ. ಕಾಯಿ ನೋಡಿ ಎಲ್ಲರಿಗೂ ನಿರಾಸೆ. ಮಣ್ಣುಗಾಯಿಯ ಹಾಗೆ ದುಂಡಗಿಲ್ಲ, ಜುಟ್ಟಿಲ್ಲ, ಕಣ್ಣಿಲ್ಲ. ಇದೇನವ್ವ, ಸೋರೆಕಾಯಿ ಇದ್ದಂಗೈತಿ ಅಂದರು. ಪಂಪಕ್ಕ ಕುಡುಗೋಲು ಹಿಡಿದು ಕೂತು ಒಂದೊಂದನ್ನೇ ಸುಲಿದಳು. ನಾರು ಬಿಟ್ಟುಕೊಂಡು ಒಳಗಿನ ಕಂದು ಚಿಪ್ಪು ಕಂಡ ಕೂಡಲೇ, ಈಗ ನೋಡ್ರಿ ಕಾಯಿ ಆತು ಅಂದಳು. ಆ ಮುದುಕಿಯ ಕಣ್ಣಲ್ಲಿ ನೀರಿತ್ತು. ಕಳಶಕ್ಕೊಂದು, ಹೊಸಿಲಿಗೊಂದು, ದೇವರ ಮುಂದೊಂದು. ಗಾಳೆಪ್ಪ ಮಾವ ಕಲ್ಲಿಗೆ ಕುಕ್ಕಿದಾಗ ಬಂದ ನಿಜವಾದ ಸದ್ದಿಗೆ ಮಕ್ಕಳು ಬೆಚ್ಚಿಬಿದ್ದರು. ಬಿಳಿ ತಿರುಳನ್ನು ಉಗುರಿನಷ್ಟಗಲ ಚೂರು ಮಾಡಿ ಮನೆಮನೆಗೆ ಹಂಚಿದೆವು, ಜನರು ಅದನ್ನು ಅಗಿಯದೆ ನಾಲಿಗೆಯ ಮೇಲೆ ಇಟ್ಟುಕೊಂಡು ಕೂತರು.

ಉಡಿಯ ಕಾಯಿಯನ್ನು ಎಲ್ಲಕ್ಕಿಂತ ಚೆಂದವಾಗಿ ಸುಲಿದಳು ಪಂಪಕ್ಕ. ಉಡಿಗೆ ಸಿಪ್ಪೆ ಸಮೇತ ಹಾಕುವುದುಂಟೇ? ಅದು ಅಪಚಾರ. ಜುಟ್ಟು ಮಾತ್ರ ಬಿಟ್ಟು, ಹೆಂಚಿನ ಚೂರಿನಿಂದ ಉಜ್ಜಿ ಮಿರಿಮಿರಿ ಮಿಂಚುವಂತೆ ಮಾಡಿ, ಅರಿಸಿನ ಹಚ್ಚಿದಳು. ನಡುವೆ ಯಾರೋ, ನೆಡುವ ಕಾಯಿ ಅಲ್ಲವೇನಕ್ಕ ಎಂದು ಕೇಳಿದ್ದುಂಟು. ಮಾವಿನ ಹಣ್ಣು ತಿಂದು ಓಟೆ ನೆಡ್ತಾರೋ, ಹಣ್ಣನ್ನೇ ಹೂಳ್ತಾರೋ ಅಂತ ಪಂಪಕ್ಕ ಗದರಿದಳು. ನಮಗೆಲ್ಲ ಅದು ಸರಿಯೆನಿಸಿತು. ಸಜ್ಜೆ, ಬೆಲ್ಲ, ಕುಬಸದ ನಡುವೆ ಆ ಕಾಯಿಯನ್ನು ಮಗಳ ಉಡಿಯಲ್ಲಿ ಕೂರಿಸಿದಾಗ ನನ್ನ ಕರುಳು ತಂಪಾಯಿತು. ಬಂಡಿ ಹತ್ತುವಾಗ ಅವಳು ಎರಡೂ ಕೈಯಲ್ಲಿ ಅದನ್ನು ಒತ್ತಿಹಿಡಿದಿದ್ದಳು, ಅಳುವುದನ್ನೂ ಮರೆತಿದ್ದಳು.

ಚಪ್ಪರದ ಗರಿ ಒಣಗುವ ಮೊದಲೇ ಹುಳು ಬಂತು. ಹಸಿ ಗಾಯದ ವಾಸನೆ ಹಿಡಿದು ಬರುವ ಕೆಂಪು ಮೂತಿಹುಳು. ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಯಾರೋ ಕಡಲೆ ಜಗಿಯುವ ಸದ್ದು. ತೂತಿಗೆ ಬೇವಿನೆಣ್ಣೆ ಸುರಿದೆ, ಜೇಡಿಮಣ್ಣು ಮೆತ್ತಿದೆ, ಹರಕೆ ಹೊತ್ತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಒಂದು ಬೆಳಿಗ್ಗೆ ಸುಳಿ ಬಾಗಿ, ಎಳೆದರೆ ಕೈಗೇ ಬಂತು. ಬುಡ ಕೊಳೆತು ನಾರುತ್ತಿತ್ತು. ನಾನು ಅದನ್ನು ಹಿಡಿದುಕೊಂಡು ಮರದ ಮೇಲೆಯೇ ಗೊಳೋ ಎಂದು ಅತ್ತೆ. ನೆರಳುಪಾಲಿಗೆ ಜಗಳವಾಡುತ್ತಿದ್ದ ಎರಡು ಮನೆಯವರು ಕೆಳಗೆ ಒಬ್ಬರ ಹೆಗಲು ಒಬ್ಬರು ಹಿಡಿದು ನಿಂತಿದ್ದರು.

ಮರ ಉರುಳಿಸುವ ಮುನ್ನ ಕಡೆಯ ಸಲ ನೆತ್ತಿ ತೊಳೆಯೋಣ ಎಂದು ಮೊನ್ನೆ ಹತ್ತಿದೆ. ಗರಿಗಳ ಬುಡದ ಸಂದಿಯಲ್ಲಿ, ಗೊನೆ ಇಳಿಸಿದವರ ಕಣ್ಣಿಗೆ ಬೀಳದ ಒಂದು ಕಾಯಿ ಸಿಕ್ಕಿಕೊಂಡಿತ್ತು. ಸಿಪ್ಪೆ ಸಮೇತ ಒಣಗಿದ್ದ ಕಾಯಿ. ಕಿತ್ತು ತಿರುಗಿಸಿ ನೋಡಿದೆ. ತೊಟ್ಟಿನ ಹತ್ತಿರ ಸಿಪ್ಪೆಯನ್ನೇ ಸೀಳಿಕೊಂಡು ಒಂದು ಮೊಳಕೆ ಹೊರಬಂದಿತ್ತು, ಬೇರು ನಾರಿನೊಳಗೆ ಹೆಣೆದುಕೊಂಡಿತ್ತು. ಸುಳಿ ಕೊಳೆತಾಗ ಅದೂ ಸತ್ತು ಕಪ್ಪಾಗಿತ್ತು. ಮರದ ಮೇಲೆ ಕೂತಲ್ಲೇ ನನಗೆ ಎಲ್ಲ ಗೊತ್ತಾಯಿತು. ನಾವು ಕಸವೆಂದು ಕಿತ್ತು ಬಿಸಾಕಿದ ಸಿಪ್ಪೆ ಅದರ ಹೊದಿಕೆ, ಅದರ ನೀರಿನ ಚೀಲ, ಅದರ ತೊಟ್ಟಿಲು. ಅದಿಲ್ಲದೆ ಮಗಳ ಉಡಿಯ ಕಾಯಿಯ ಕಣ್ಣು ತಿಂಗಳ ದಾರಿಯ ಬಿಸಿಲಲ್ಲಿ ಎಂದೋ ಒಣಗಿರಬೇಕು. ಮರ ಕಾಯುವುದು ಗೊತ್ತಿತ್ತು, ಮರ ಹುಟ್ಟುವುದು ಗೊತ್ತಿರಲಿಲ್ಲ. ಪಂಪಕ್ಕನಿಗೆ ತೋರಿಸಿದೆ. ಅವಳು ಮೊಳಕೆಯನ್ನು ಸವರಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಊಟ ಬಿಟ್ಟಿದ್ದಾಳೆ.

ನಿನ್ನೆ ಬಿಳಿಮಡ್ಡಿಯ ಬಂಡಿಯಲ್ಲಿ ಮಗಳ ಮಾತುಗಲ್ಲು ಬಂತು. ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿದರೆ ಕಳಿಸಿದವರ ದನಿ ಕೇಳಿಸುವ ಸಣ್ಣ ಕಲ್ಲು ಅದು. ಕಾಯಿಯನ್ನು ಊರ ನಡುವಿನ ಮೆದು ಮಣ್ಣಲ್ಲಿ ಇಟ್ಟಿದ್ದಾಳಂತೆ. ಅಲ್ಲಿ ಮರಕ್ಕೆ ನೀರಿನ ಪಾಲಿಲ್ಲ. ಹಾಗಾಗಿ ತನ್ನ ಪಾಲಿನ ನೀರಲ್ಲೇ ಅರ್ಧ ದಿನಾ ಅದಕ್ಕೆ ಎರೆಯುತ್ತಾಳಂತೆ. ದನಿ ಒಣಗಿತ್ತು, ಆದರೂ ನಗುತ್ತಿದ್ದಳು. ಊರ ಮಕ್ಕಳು ನೆರಳು ಬಂದ ಮೇಲೆ ಯಾರು ಎಲ್ಲಿ ಕೂರಬೇಕೆಂದು ಈಗಲೇ ಕಲ್ಲಿಟ್ಟು ಗುರುತು ಮಾಡಿಕೊಂಡಿದ್ದಾರಂತೆ. ಅವ್ವಾ, ಮೊಳಕಿ ಯಾವ ಕಡೆಯಿಂದ ಬರ್ತತಿ, ಇಷ್ಟು ದಿನ ಹಿಡೀತತೇನು ಅಂತ ಕೇಳಿದ್ದಾಳೆ.

ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಮರದಿಂದ ತಾನಾಗಿ ಕಳಚಿ ಬಿದ್ದ ಬಲಿತ ಕಾಯಿಗಳಲ್ಲಿ ಒಂದನ್ನು ಸುಲಿಯಬೇಡಿ. ನೆರಳಿನ ಮೂಲೆಯಲ್ಲಿ ಮರಳು ಹಾಸಿ, ಕಾಯಿ ಅರ್ಧ ಕಾಣುವಂತೆ ಮಲಗಿಸಿ, ಮರಳು ಒದ್ದೆಯಿರುವಂತೆ ನೋಡಿಕೊಳ್ಳಿ. ಮೊಳಕೆ ಬಂದ ದಿನ ಮನೆಯ ಮಕ್ಕಳನ್ನು ಕರೆದು ತೋರಿಸಿ, ಸಿಪ್ಪೆಯನ್ನು ಅವರ ಕೈಯಲ್ಲೇ ಮುಟ್ಟಿಸಿ. ಹೆಣ್ಣುಮಕ್ಕಳ ಉಡಿಗೆ ಸುಲಿದ ಕಾಯಿ ಹಾಕಿ, ಬೇಡವೆನ್ನುವುದಿಲ್ಲ, ಅದರ ಪಕ್ಕದಲ್ಲಿ ಸುಲಿಯದ್ದೊಂದನ್ನೂ ಇಡಿ. ಶಾಸ್ತ್ರ ನಮಗೆ ತಲುಪಿತು ಹಿರಿಯರೇ, ಬೀಜ ತಲುಪಲಿಲ್ಲ. ಅದಕ್ಕೆ ನಿಮ್ಮನ್ನು ಅಂದೆನೆಂದು ಬೇಸರ ಬೇಡ, ನಿಮ್ಮದೇ ವಂಶದವಳು ನಾನು, ಮತ್ತೆ ಯಾರನ್ನು ಅನ್ನಲಿ?

ಬಿಳಿಮಡ್ಡಿಯ ಬಂಡಿ ಹೊರಟು ನಿಂತಿದೆ, ಎತ್ತಿನ ಕೊರಳ ಗಂಟೆ ಕೇಳುತ್ತಿದೆ. ಮಾತುಗಲ್ಲು ನನ್ನ ಕೈಯಲ್ಲಿದೆ. ಇನ್ನೂ ಸ್ವಲ್ಪ ದಿನ ಕಾಯವ್ವ ಎಂದು ಹೇಳಿಬಿಡು, ಹುಡುಗಿ ಎದೆ ಒಡೆದುಕೊಂಡಾಳು ಎಂದು ಪಂಪಕ್ಕ ಒಳಗಿನಿಂದ ಅಳುತ್ತಿದ್ದಾಳೆ. ನನಗೂ ಹಾಗೇ ಹೇಳಬೇಕೆನಿಸಿ ಬೆಳಗಿನಿಂದ ಬಾಯಿ ತೆರೆದು ಮುಚ್ಚಿದ್ದೇನೆ. ನಿಮಗೆ ಇಷ್ಟು ಬರೆದ ಮೇಲೆ ಧೈರ್ಯ ಬಂತು. ಈಗ ಕಲ್ಲಿಗೆ ಬಾಯಿಟ್ಟು ಹೇಳುತ್ತೇನೆ: ಅದು ಮೊಳೆಯಂಗಿಲ್ಲ ಹುಲಿಗಿ, ಆ ನೀರು ನೀನು ಕುಡಿಯವ್ವ.