ಗೂಳಿಮೊಗದ ಮಗ

ಆಗಸ್ಟ್ ೯, ಗುರುವಾರ

ಪ್ರೀತಿಯ ಮಗಳೇ,

ನಾನೂ ನಿನ್ನ ತಮ್ಮನೂ ಚೆನ್ನಾಗಿದ್ದೇವೆ. ನಿನ್ನ ಪತ್ರ, ಅದರ ಜೊತೆ ನಾಟಕದ ಎರಡು ಟಿಕೆಟ್ಟು ಬಂದು ಮೂರು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಆಸ್ಪತ್ರೆಯ ದಾದಿಯರ ಸಮವಸ್ತ್ರದ ಹೊಲಿಗೆ ತಲೆಯ ಮೇಲೆ ಕೂತಿತ್ತು. ಅದು ನೆಪ ಎಂದು ನಿನಗೂ ಗೊತ್ತು. ನೀನು ಬರೆದ ನಾಟಕ ನೋಡಿ ಬಂದ ಮೇಲೆ ಪೆನ್ನು ಹಿಡಿಯಲು ಮನಸ್ಸೇ ಬರಲಿಲ್ಲ.

ನಾಟಕದ ಆ ದ್ವೀಪದ ಕಥೆಯನ್ನು ನೀನು ಹತ್ತು ವರ್ಷದವಳಿದ್ದಾಗ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಓದಿ ಹೇಳಿದ್ದೆ. ರಾಣಿಗೆ ಗೂಳಿಯ ತಲೆಯ ಮಗ ಹುಟ್ಟುತ್ತಾನೆ. ರಾಜ ಅವನನ್ನು ದಾರಿ ಸಿಗದ ಸುತ್ತುಗಳ ಸೆರೆಯಲ್ಲಿಡುತ್ತಾನೆ. ಕಡಲಾಚೆಯ ವೀರನೊಬ್ಬ ಬಂದು ಕೊಲ್ಲುತ್ತಾನೆ. ಹಿಂದಿನವರಿಗೆ ಅವನು ಬರೀ ರಾಕ್ಷಸ, ಆಮೇಲಿನ ಚಿತ್ರಕಾರರು ಅವನ ಕಣ್ಣಿಗೆ ನೀರು ತಂದರು, ಕವಿಗಳು ಅವನ ಒಂಟಿತನಕ್ಕೆ ಮರುಗಿದರು ಎಂದು ಕರಪತ್ರದಲ್ಲಿ ಬರೆದಿದ್ದೀಯ. ಚೆನ್ನಾಗಿದೆ. ನೀನು ಅವರೆಲ್ಲರನ್ನೂ ಮೀರಿಸಿದೆ. ಬಾಗಿಲು ಹಾಕುವ ಕೆಲಸವನ್ನು ರಾಜನಿಂದ ಕಿತ್ತು ರಾಣಿಗೆ ಕೊಟ್ಟೆ. "ಜನ ಬಂದಿದ್ದಾರೆ, ಒಳಗೆ ಹೋಗಪ್ಪ" ಎಂದು ರಾಣಿ ಹೇಳಿದಾಗ ಸಭೆ ನಕ್ಕಿತು. ಅದು ನನ್ನ ಮಾತು. ಗಿರಾಕಿ ಮೆಟ್ಟಿಲು ಹತ್ತಿದಾಗೆಲ್ಲ ನಿನ್ನ ತಮ್ಮನಿಗೆ ನಾನು ಹೇಳುತ್ತಿದ್ದದ್ದು. ಮುಖದ ಎಡಭಾಗವೆಲ್ಲ ಗಡ್ಡೆಯಾಗಿ ಜೋತುಬಿದ್ದ ಹುಡುಗನನ್ನು ಕಂಡರೆ ಅಳತೆ ಕೊಡಲು ಬಂದವರು ಹಾಗೇ ತಿರುಗಿ ಹೋಗುತ್ತಿದ್ದರು. ನಮ್ಮ ಮೂವರ ಹೊಟ್ಟೆ ತುಂಬಬೇಕಿತ್ತಲ್ಲ.

ಒಂದು ಮಾತು ಕೇಳುತ್ತೇನೆ. ಕೊಲ್ಲಲು ಹೋದವನು ದಾರಿ ತಪ್ಪದಿರಲೆಂದು ನೂಲುಂಡೆ ಕೊಟ್ಟವಳು ಹಳೆಯ ಕಥೆಯಲ್ಲಿ ಆ ಹುಡುಗನ ಅಕ್ಕ ಅಲ್ಲವೇ? ನಿನ್ನ ನಾಟಕದಲ್ಲಿ ಅದನ್ನು ಯಾರೋ ದಾಸಿ ಕೊಡುತ್ತಾಳೆ. ಅಕ್ಕ ಎಲ್ಲಿಗೆ ಹೋದಳು?

ಆಟ ಮುಗಿದು ಹೊರಬರುವಾಗ ನಿರ್ದೇಶಕ ನಿನ್ನ ತಮ್ಮನನ್ನು ಕಂಡು ಓಡಿಬಂದ. ಬಟ್ಟೆಯ ಸುರುಳಿ ಪರೀಕ್ಷೆ ಮಾಡುವವರ ಹಾಗೆ ಅವನ ಸುತ್ತ ಒಂದು ಸಲ ತಿರುಗಿದ. "ಇವರಿಗೆ ಮುಖವಾಡವೇ ಬೇಡ!" ಎಂದ. ನಾನು ರೇಗಿದೆ.

"ಯಾಕಮ್ಮ, 'ನನ್ನ ತಮ್ಮನ್ನ ಒಂದ್ಸಲ ನೋಡಿ, ಈ ಪಾತ್ರಕ್ಕೆ ಆಗ್ತಾನೆ' ಅಂತ ಬರೆದಿದ್ದು ನಿಮ್ಮ ಮಗಳೇ" ಎಂದು ಕಾಗದ ತೋರಿಸಿದ. ನಿನ್ನದೇ ಅಕ್ಷರ.

ನಿನ್ನ ತಮ್ಮ ಆ ಪಾತ್ರಕ್ಕೆ ಒಪ್ಪಿಕೊಂಡ. ಬೇಡವೆಂದು ಬೇಡಿಕೊಂಡೆ, ಅವನ ಕಾಲು ಹಿಡಿಯುವುದೊಂದು ಬಾಕಿ. "ಇಷ್ಟು ವರ್ಷ ನೋಡಿದೋರೆಲ್ಲ ಮುಖ ತಿರುಗಿಸ್ಕೊಂಡ್ರಲ್ಲಮ್ಮ. ಈಗ ಟಿಕೆಟ್ ತಗೊಂಡು ಬರ್ತಾರೆ, ನೋಡ್ಲಿ ಬಿಡು" ಎಂದ.

ಈಗ ವಾರಕ್ಕೆ ಮೂರು ಸಂಜೆ ಸಾಯುತ್ತಾನೆ. ಉಡುಪು ಹೊಲಿದವಳು ನಾನೇ, ಕತ್ತಿ ತಾಗುವ ಕಡೆ ಕೆಂಪು ಅಸ್ತರು ಕೊಟ್ಟು. ಮೊದಲ ದಿನ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ನಾನು ಸತ್ತಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರಮ್ಮ" ಎಂದ. ಅವನು ಅಷ್ಟು ನಕ್ಕದ್ದನ್ನು ನಾನು ಹೆತ್ತಾಗಿನಿಂದ ನೋಡಿಲ್ಲ. ನೀನೂ ಬಂದು ನೋಡಬೇಕಿತ್ತು. ಒಂದು ಆಟಕ್ಕೂ ಬರಲಿಲ್ಲ.

ಇನ್ನೇನು ಬರೆಯಲಿ. ಇನ್ನೂ ಹೆಸರು ಗಳಿಸು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಹುಟ್ಟುವ ಮಕ್ಕಳು ನೋಡಿದವರ ಕಣ್ಣಿಗೆ ಮುದ್ದಾಗಿರಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ರಾಣಿಯ ಬಗ್ಗೆ ನೀನು ಬರೆದದ್ದು ಸುಳ್ಳು ಎಂದು ಹೇಳಲೆಂದೇ ಈ ಕಾಗದ ಶುರು ಮಾಡಿದೆ. ಆಗಲಿಲ್ಲ. ಕಳೆದ ಶನಿವಾರ ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ನಿನ್ನ ತಮ್ಮನ ಅಂಗಿಯ ಗುಂಡಿ ಬಿಚ್ಚುತ್ತಿದ್ದೆ. ಪತ್ರಿಕೆಯವಳೊಬ್ಬಳು ಫೋಟೊ ತೆಗೆಯಲು ಬಂದು, "ನೀವು ಇವರ ತಾಯಿಯಾ?" ಎಂದು ಕೇಳಿದಳು. ಬಾಯಿಂದ ಹೊರಟೇಬಿಟ್ಟಿತು: "ಅಲ್ಲ, ನಾನು ಬಟ್ಟೆ ಹೊಲಿಯೋಳು." ಅವನು ನನ್ನ ಕಡೆ ನೋಡಲಿಲ್ಲ. "ಹೌದು," ಎಂದ ಅವಳಿಗೆ, "ತುಂಬ ಚೆನ್ನಾಗಿ ಹೊಲೀತಾರೆ."