ಮೊದಲ ಬೀಡಿಗೆ ಮುಂಚಿನ ತಣ್ಣೀರು

ಮಾವನವರಿಗೆ, ನಿಮ್ಮ ಸೊಸೆಯ ಶರಣು.

ನಾನು ಕುಪ್ಪಗಡ್ಡೆಯಿಂದ ನಿಮ್ಮ ಮನೆ ತುಂಬಿದ ಹೊಸತರಲ್ಲಿ ಅಂಜನಾಪುರದ ನಮ್ಮ ಓಣಿಯಲ್ಲೆಲ್ಲ ನಿಮ್ಮದೇ ಹೊಗಳಿಕೆ. ಚಳಿಗಾಲದಲ್ಲೂ ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರು ಸ್ನಾನ, ಆಮೇಲೆ ಲಿಂಗಪೂಜೆ. "ಏನ್ ಭಕ್ತಿ ಅವ್ವಾ ನಿಮ್ ಮಾವಂದು!" ಎನ್ನುತ್ತಿದ್ದಳು ಪಕ್ಕದ ಮನೆಯಾಕೆ. ನನಗೋ ಸಿಟ್ಟು. ಹಂಡೆಗೆ ಉರಿ ಹಾಕಿ ನಾನು ಕಣ್ಣು ಕೆಂಪು ಮಾಡಿಕೊಳ್ಳುವಷ್ಟರಲ್ಲಿ ನಿಮ್ಮ ಪೂಜೆಯೂ ಮುಗಿದಿರುತ್ತಿತ್ತು. ಹಣೆಯ ವಿಭೂತಿ ಆರುವ ಮುಂಚೆ ಜಗಲಿಯಲ್ಲಿ ಬೀಡಿ ಹೊತ್ತುತ್ತಿತ್ತು. ಅದನ್ನು ಮಾತ್ರ ಓಣಿಯಲ್ಲಿ ಯಾರೂ ಗಮನಿಸಲಿಲ್ಲ.

ಕೆಮ್ಮು ಜೋರಾದಾಗ ಶಿಕಾರಿಪುರದ ಡಾಕ್ಟರ ಹತ್ತಿರ ಹೋದದ್ದು ನೆನಪಿದೆಯಾ? ನಿಮ್ಮ ಮಗ ಹೊರಗೇ ಮರೆಯಾದರು. ಸಿಗರೇಟಿಗೆ ಎಂದು ನಿಮಗೂ ಗೊತ್ತಿತ್ತು. ಡಾಕ್ಟರು ಕೇಳಿದರು, "ಎದ್ದು ಎಷ್ಟೊತ್ತಿಗೆ ಮೊದಲ್ನೇ ಬೀಡಿ ಹಚ್ತೀರಿ ಯಜಮಾನ್ರೇ?" ನೀವು ಎದೆಯುಬ್ಬಿಸಿ, "ಸ್ನಾನ, ಪೂಜಿ ಆಗ್ದೆ ಬೀಡಿ ಮುಟ್ಟೋನಲ್ಲ ರೀ" ಎಂದಿರಿ.

"ಹಂಗಾದ್ರೆ ಚಟ ಅಷ್ಟು ಬಲವಾಗಿಲ್ಲ. ಎದ್ದ ಕೂಡ್ಲೇ ಬೇಕನ್ನೋರಿಗೆ ನಿಕೋಟಿನ್ ಹಿಡಿತ ಜಾಸ್ತಿ. ನೀವು ಮನಸ್ಸು ಮಾಡಿದ್ರೆ ಬಿಡ್ತೀರಿ" ಎಂದು ಅವರು ಬರೀ ಕೆಮ್ಮಿನ ಔಷಧ ಬರೆಯಲು ಹೊರಟರು. ನನಗೆ ತಡೆಯಲಾಗಲಿಲ್ಲ. "ಬೀಡಿಗೆ ತಡ ಆಗ್ತದೆ ಅಂತ ಬಿಸಿನೀರಿಗೂ ನಿಲ್ಲಲ್ಲ ಡಾಕ್ಟ್ರೇ, ತಣ್ಣೀರೇ ಹುಯ್ಕೊಳ್ತಾರೆ" ಎಂದುಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ನಿಮ್ಮನ್ನು ನೋಡಿದರು. ನೀವು ಗೋಡೆ ನೋಡಿದಿರಿ.

ವಾಪಸು ಬರುವಾಗ ಬಸ್ಸಿನಲ್ಲಿ ನೀವು ನನ್ನಿಂದ ದೂರದ ಸೀಟು ಹಿಡಿದಿರಿ. ಸೊಸೆಯಾದವಳು ಮಾವನ ಭಕ್ತಿಯನ್ನು ಪರರ ಮುಂದೆ ಹಾಗೆ... ಆದರೆ ಬಸ್ಸಿಳಿದ ಮೇಲೆ ನೀವೇ ಹೇಳಿದಿರಿ: "ಶಿವನ ಮುಂದೆ ಕುಂತಾಗ್ಲೂ ಮನಸ್ಸು ಬೀಡಿ ಕಟ್ಟಿನ ಮ್ಯಾಲೇ ಇರ್ತದ ತಾಯಿ." ಅಷ್ಟು ನಿಜ ಯಾವ ಮಾವ ಸೊಸೆಗೆ ಹೇಳುತ್ತಾರೆ? ಆವತ್ತಿನಿಂದ ನೀವು ನನಗೆ ತುಂಬಾ ಇಷ್ಟವಾದಿರಿ. ಬಿಡಲು ಎಷ್ಟು ಒದ್ದಾಡಿದಿರಿ! ಕೆಲವು ದಿನ ಗೆದ್ದಿರಿ, ಕೆಲವು ದಿನ ಇಲ್ಲ. ಅಷ್ಟರಲ್ಲಿ ಶ್ವಾಸಕೋಶ ಹಾಳಾಗಿಹೋಗಿತ್ತು.

ನೀವು ಹೋದ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ತಣ್ಣೀರಿನ ಸದ್ದು ಕೇಳಿತು. ನಿಮ್ಮ ಮಗ. "ಅಪ್ಪನಂಗೇ ಭಕ್ತಿ" ಎಂದರು ಓಣಿಯವರು. ನನಗೆ ಮಾತ್ರ ಜಗಲಿಯಲ್ಲಿ ಹೊತ್ತಿದ ಸಿಗರೇಟು ಕಂಡಿತು. ಅದೇ ಡಾಕ್ಟರ ಹತ್ತಿರ ಕರೆದೊಯ್ದು, ಅವರು ಬಾಯಿ ತೆರೆಯುವ ಮೊದಲೇ ಸ್ನಾನದ ವಿಷಯ ಹೇಳಿದೆ. ಇವರು ನನ್ನ ಮೇಲೆ ಕೂಗಾಡಿದರು, ಮುನಿಸಿಕೊಂಡರು, ಸಿಗರೇಟು ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಬಿಟ್ಟರು.

ಇವತ್ತು ಬೆಳಿಗ್ಗೆ ಹಂಡೆಯಲ್ಲಿ ಬೆರಳದ್ದಿ ನೋಡಿ, "ಇನ್ನೂ ಬೆಚ್ಚಗಾಗ್ಲಿ ಬಿಡು, ಏನ್ ಅವಸರ" ಎಂದು ನಿಮ್ಮ ಮಗ ಒಲೆಯ ಮುಂದೆ ಕೂತರು, ಮಾವ.